ಹತ್ತುಮೀನಿನ ವಿಷಯವಾಗಿ ಕೆಲವು ಭ್ರಾಂತಿಗಳು

ಕಳಸದ ಸೀಮೆಯಲ್ಲಿ ರೋಹಿಣಿ ಮಳೆ ಕಳೆದು ಮೃಗಶಿರೆ ಹಿಡಿದ ಮೊದಲ ದಿನಗಳಲ್ಲಿ, ಬೇಸಗೆಯೆಲ್ಲ ಬಿರುಕುಬಿಟ್ಟು ಒಣಗಿದ್ದ ಗದ್ದೆಗಳ ಮೇಲೆ ಮೊಣಕಾಲುದ್ದ ಕೆನ್ನೀರು ನಿಂತು, ಒಂದೇ ರಾತ್ರಿಯೊಳಗೆ ಆ ನೀರಿನಲ್ಲಿ ಗೇಣುದ್ದದ ಮೀನುಗಳು ಬೆನ್ನು ತೋರಿಸಿ ಹೊರಳಾಡುವುದನ್ನು ಕಂಡವರು, ಅವು ಮಳೆಯೊಡನೆ ಆಕಾಶದಿಂದಲೇ ಬಿದ್ದವೆಂದು ನಂಬಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಸುಂಟರಗಾಳಿಯು ನೀರಿನ ಮೇಲೆ ಹಾಯ್ದು ಸಣ್ಣ ಮೀನುಗಳನ್ನೆತ್ತಿ ದೂರದಲ್ಲಿ ಕೆಡವಿದ ವೃತ್ತಾಂತಗಳೂ ಲೋಕದಲ್ಲಿ ಇಲ್ಲದಿಲ್ಲ. ಆದರೆ ಪ್ರತಿವರ್ಷವೂ ಅದೇ ಪಕ್ಷದಲ್ಲಿ, ಅದೇ ಗದ್ದೆಯ ಅದೇ ಕಂಡಿಯ ಬಳಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳೇ ಬೀಳಬೇಕೆಂಬ ನಿಯಮ ಗಾಳಿಗೆ ಎಲ್ಲಿಯದು? ಗದ್ದೆಯ ನೀರು ಬದುವಿನ ಕಂಡಿಯಿಂದ ಹಳ್ಳಕ್ಕೆ ಧುಮುಕುವ ಸ್ಥಳದಲ್ಲಿ ರಾತ್ರಿಯ ಹೊತ್ತು ಸುಮ್ಮನೆ ನಿಂತರೆ ಸಾಕು, ಸೆಳವಿಗೆ ಎದುರಾಗಿ ಮೀನು ನೆಗೆದು ಮೇಲೇರುವುದು ಕಣ್ಣಿಗೇ ಕಾಣುವುದು. ಭದ್ರೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುವುದರಿಂದಲೇ ನಮ್ಮವರು ಅದನ್ನು ಹತ್ತುಮೀನೆಂದು ಕರೆದರು.

ಮಣ್ಣಿನಿಂದಲೇ ಮೀನು ಹುಟ್ಟುವುದೆಂಬ ಮಾತಿನಲ್ಲಿ ಸ್ವಲ್ಪಮಟ್ಟಿನ ಅನುಭವ ಬೆರೆತಿದೆ. ಅವುಲು, ಮುರುಗೋಡು ಮೊದಲಾದ ಮೀನುಗಳಿಗೆ ಕಿವಿರುಗಳಲ್ಲದೆ ವಾಯುವನ್ನು ನೇರವಾಗಿ ಸೇವಿಸುವ ಅಂಗವೂ ಇರುವುದರಿಂದ, ನೀರು ಬತ್ತಿದ ಮೇಲೂ ಅವು ತೇವದ ಕೆಸರಿನಲ್ಲಿ ಹುದುಗಿ ಬಹುಕಾಲ ಜೀವ ಹಿಡಿದಿರಬಲ್ಲವು. ಕೆರೆಯ ತಳವನ್ನು ಅಗೆದಾಗ ಜೀವಂತ ಮೀನು ದೊರೆತುದನ್ನು ನೋಡಿದವರು ಮಣ್ಣೇ ಅದರ ತಾಯಿಯೆಂದು ಭಾವಿಸಿದರು.

ಹೊಸನೀರಿನ ರುಚಿಗೆ ಮೈಮರೆತು ಮೀನು ಹತ್ತುವುದೆಂಬ ಭಾವನೆಯೂ ಬಹಳ ವ್ಯಾಪಕವಾದುದು. ವಾಸ್ತವವಾಗಿ, ಚೈತ್ರ ವೈಶಾಖಗಳಲ್ಲಿ ಹಗಲು ದೀರ್ಘವಾಗಿ ನೀರು ಬೆಚ್ಚಗಾಗುತ್ತಿದ್ದಂತೆಯೇ ಮೀನಿನ ಗರ್ಭದಲ್ಲಿ ಮೊಟ್ಟೆಗಳು ಪಕ್ವವಾಗುತ್ತಾ ಬರುವುವು. ಮುಂಗಾರಿನ ಮೊದಲ ನೆರೆ ನೀರನ್ನು ತಂಪುಮಾಡಿ, ಕದಡಿ, ಸೆಳವನ್ನು ಹೆಚ್ಚಿಸಿದೊಡನೆ, ಅಷ್ಟು ದಿನ ತಡೆದಿದ್ದ ಪ್ರಸವಪ್ರವೃತ್ತಿ ಒಮ್ಮೆಗೇ ಜಾಗೃತವಾಗುವುದು. ಹೆಬ್ಬಾಳೆ ಸೇತುವೆಯನ್ನೇ ಮುಳುಗಿಸಿ ಹರಿಯುವ ಭದ್ರೆಯ ನಡುಮಡುವಿನಲ್ಲಿ ಇಟ್ಟ ಮೊಟ್ಟೆ ನಿಲ್ಲುವುದು ದುಸ್ಸಾಧ್ಯ. ಆದರೆ ಗದ್ದೆಯ ನಿಂತ ನೀರು ಬೆಚ್ಚಗಿದೆ, ಮುಳುಗಿದ ಹುಲ್ಲು ಮೊಟ್ಟೆಗೆ ಆಶ್ರಯವಾಗಿದೆ, ಮರಿಗಳಿಗೆ ಆಹಾರವಾಗುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲವೇ ದಿನಗಳಲ್ಲಿ ಅಪಾರವಾಗಿ ಹುಟ್ಟುವುವು, ಮರಿಗಳನ್ನು ನುಂಗುವ ದೊಡ್ಡ ಮೀನುಗಳೂ ಅಲ್ಲಿ ವಿರಳ. ಪ್ರಕೃತಿಯ ಈ ಉಪಾಯ ನಮ್ಮ ಮಲೆನಾಡಿಗೆ ಮಾತ್ರ ಸೀಮಿತವಾದುದಲ್ಲ. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಹಿಮ ಕರಗಿ ಹುಲ್ಲುಗಾವಲುಗಳು ಮುಳುಗಿದಾಗ ಪೈಕ್ ಎಂಬ ಮೀನು ಆ ಆಳವಿಲ್ಲದ ನೀರಿಗೆ ಬಂದು ಮುಳುಗಿದ ಹುಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ವಾಲೈ ಎಂಬ ಇನ್ನೊಂದು ಮೀನು ಅದೇ ಋತುವಿನಲ್ಲಿ ಬೆಣಚುಕಲ್ಲಿನ ತೆಳ್ಳನೀರನ್ನು ಅರಸುತ್ತದೆ. ಅಲ್ಲಿನ ಮಿನೆಸೋಟ ರಾಜ್ಯದಲ್ಲಿ ಮೇ ತಿಂಗಳ ಮಧ್ಯದವರೆಗೆ ಈ ಎರಡು ಮೀನುಗಳಿಗೂ ಗಾಳ ಹಾಕುವುದು ನಿಷಿದ್ಧ.

ಎಲ್ಲಕ್ಕಿಂತ ಹೆಚ್ಚು ಹಾನಿಯನ್ನುಂಟುಮಾಡಿದ ಭ್ರಾಂತಿ ಯಾವುದೆಂದರೆ, ಒಂದೊಂದು ಮೀನು ಲಕ್ಷಾಂತರ ಮೊಟ್ಟೆಯಿಡುವಾಗ ನಾಲ್ಕು ಬುಟ್ಟಿ ಹಿಡಿದರೆ ಕಡಿಮೆಯಾಗುವುದೇನು ಎಂಬುದು. ಕಿಲೋ ತೂಕದ ರೋಹು ಸುಮಾರು 2 ಲಕ್ಷ ಮೊಟ್ಟೆಯಿಡುವುದು ನಿಜವೇ. ಆದರೆ ಅಷ್ಟೊಂದು ಮೊಟ್ಟೆಗಳ ಅವಶ್ಯಕತೆ ಏಕೆಂದು ವಿಚಾರಿಸಬೇಡವೆ? ಮೀನಿನ ಸಂತತಿ ಹೆಚ್ಚದೆ ಕುಗ್ಗದೆ ಸಮನಾಗಿರುವ ನೀರಿನಲ್ಲಿ, ಒಂದು ಜೋಡಿಯ ಆಜನ್ಮ ಸಂತಾನದಲ್ಲಿ ಬೆಳೆದು ತಾಯಿತಂದೆಗಳ ಸ್ಥಾನವನ್ನು ತುಂಬುವುವು ಸರಾಸರಿಯಲ್ಲಿ ಎರಡೇ. ಉಳಿದವೆಲ್ಲ ಕಪ್ಪೆಗೆ, ಹಾವಿಗೆ, ಕೊಕ್ಕರೆಗೆ, ಬತ್ತುವ ನೀರಿಗೆ ಸಂದಾಯವಾಗುವುವು. ಮೊಟ್ಟೆ ಇನ್ನೂ ಹೊಟ್ಟೆಯಲ್ಲಿರುವಾಗಲೇ ಕಂಡಿಯ ಬಾಯಲ್ಲಿ ಬ್ಯಾಟರಿಯ ಬೆಳಕು ಬಿಟ್ಟು ಕತ್ತಿಯಿಂದ ಕಡಿದರೆ ಆ ಎರಡೂ ಉಳಿಯವು. ಅವುಲಿನ ವಿಷಯದಲ್ಲಂತೂ ಈ ಲಕ್ಷದ ಲೆಕ್ಕವೇ ಸಲ್ಲದು. ಅದು ಇಡುವುದು ಸಾವಿರಗಳ ಲೆಕ್ಕದಲ್ಲಿ. ಜೊಂಡಿನ ನಡುವೆ ಗೂಡಿನಂತೆ ಜಾಗ ಮಾಡಿ, ತೇಲುವ ಮೊಟ್ಟೆಗಳನ್ನೂ ಅನಂತರ ಕೆಂಬಣ್ಣದ ಮರಿಗಳ ಹಿಂಡನ್ನೂ ತಾಯಿತಂದೆಗಳು ವಾರಗಟ್ಟಲೆ ಕಾದುಕೊಂಡಿರುವುವು. ಮರಿಗಳ ಹಿಂಡಿನ ಅಡಿಯಲ್ಲಿ ಸುಳಿದಾಡುವ ದೊಡ್ಡ ಮೀನು ಅವನ್ನು ತಿನ್ನಲು ಬಂದುದೆಂದು ತಿಳಿದು ಅದನ್ನು ಹೊಡೆಯುವವರುಂಟು. ಹೊಡೆದುದು ಕಾವಲುಗಾರನನ್ನು, ಕಾವಲು ತಪ್ಪಿದ ಮರಿಗಳಿಗೆ ಅನಂತರ ರಕ್ಷಣೆಯಿಲ್ಲ. ನನ್ನ ಮನಸ್ಸಿಗೆ ಅತ್ಯಂತ ನೋವನ್ನುಂಟುಮಾಡುವುದು ಇದೇ.

ಇಲ್ಲಿ ಹಿಡಿದರೆ ಕೆಳಗಿನಿಂದ ಬೇರೆ ಮೀನು ಬರುವುದೆಂದು ಸಮಾಧಾನ ಹೇಳಿಕೊಳ್ಳುವವರು ಲಕ್ಕವಳ್ಳಿಯನ್ನು ಮರೆತಿರುವರು. ಅಲ್ಲಿ ಸುಮಾರು 59 ಮೀಟರ್ ಎತ್ತರದ ಅಣೆಕಟ್ಟು ಭದ್ರೆಗೆ ಅಡ್ಡವಾಗಿ ನಿಂತಿರುವಾಗ, ಕೂಡ್ಲಿಯ ಕಡೆಯ ಮೀನು ನೆಗೆದು ಕಳಸಕ್ಕೆ ಬರುವಂತಿಲ್ಲ. ನಮ್ಮ ಗದ್ದೆಗೆ ಹತ್ತುವ ಮೀನು ನಮ್ಮ ಹಳ್ಳಗಳಲ್ಲಿಯೋ ಆ ಜಲಾಶಯದ ಮೇಲ್ಭಾಗದ ಹೊಳೆಯಲ್ಲಿಯೋ ಬೆಳೆದದ್ದು. ಗದ್ದೆಗಳು ಅಡಿಕೆ ತೋಟಗಳಾಗಿ ಮಾರ್ಪಡುತ್ತಿರುವುದರಿಂದ ಅದಕ್ಕೆ ಮೊಟ್ಟೆಯಿಡುವ ನೆಲವೂ ಸಂಕುಚಿತವಾಗುತ್ತಿದೆ.

ಮೈಲುತುತ್ತದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದಂದಿನಿಂದ ಆ ಔಷಧ ಮಲೆನಾಡಿನ ತೋಟಗಳನ್ನು ಕಾಪಾಡಿದೆ. ಗಿಡಕ್ಕೆ ಹಿತವಾದುದು ಮೀನಿಗೆ ಅಹಿತವಾಗದೆಂದು ಜನ ನಂಬಿರುವುದು ಆ ಕಾರಣದಿಂದಲೇ. ಆದರೆ ಆ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರವು ಮೀನಿನ ಕಿವಿರನ್ನು ಕೆಡಿಸಿ ಅದರ ರಕ್ತದಲ್ಲಿನ ಲವಣಗಳ ಸಮತೋಲವನ್ನು ನಾಶಮಾಡುವುದು. ಅದರಲ್ಲಿಯೂ ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದುನೀರಿನಲ್ಲಿ ಆ ವಿಷ ಇನ್ನೂ ತೀಕ್ಷ್ಣ. ಔಷಧ ಹೊಡೆಯುವ ಕಾಲವೂ ಮೀನು ಹತ್ತುವ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಪೀಪಾಯಿಯನ್ನು ಹಳ್ಳದಲ್ಲಿ ತೊಳೆಯುವ ಕ್ಷಣಿಕ ಸೌಕರ್ಯಕ್ಕಾಗಿ ಆ ವರ್ಷದ ಮರಿಗಳೆಲ್ಲ ಬಲಿಯಾಗುವುವು. ತಿಳಿದೂ ತಿಳಿದೂ ಮಡುವಿಗೆ ತುತ್ತ ಸುರಿಯುವವರಿಗೂ ತೋಟೆ ಸಿಡಿಸುವವರಿಗೂ ಭ್ರಾಂತಿಯ ಹೆಸರು ಕೊಡಲಾಗದು. 1897ರ ಭಾರತೀಯ ಮೀನುಗಾರಿಕಾ ಅಧಿನಿಯಮವೇ ಇವೆರಡನ್ನೂ ಅಪರಾಧವೆಂದು ಸಾರಿದೆ.

ಮೀನು ತಿನ್ನುವವರ ಬಾಯಿಗೆ ಮಣ್ಣು ಹಾಕುವುದು ನನ್ನ ಉದ್ದೇಶವಲ್ಲ. ಹಸ್ತ ಚಿತ್ತೆಯ ಮಳೆಗಳ ಹೊತ್ತಿಗೆ ಗದ್ದೆಯ ನೀರು ಇಳಿಯುತ್ತಾ ಬಂದಂತೆ ಮೀನುಗಳು ಮತ್ತೆ ಹಳ್ಳಕ್ಕೆ ಜಾರುವುವು. ಮೀನು ಹಿಡಿಯುವ ಬಿದಿರಿನ ಕೂಣಿಯನ್ನು ಆಗ, ನೀರು ಇಳಿದು ಬರುವ ಗದ್ದೆಯ ಕಡೆಗೆ ಬಾಯಿ ತಿರುಗಿಸಿ, ಬಿದಿರು ಸೀಳುಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಕಟ್ಟಿದರೆ, ಮೊಟ್ಟೆಯಿಟ್ಟು ಮುಗಿಸಿದ ದೊಡ್ಡ ಮೀನು ಒಳಗುಳಿಯುವುದು, ಆ ವರ್ಷದ ಮರಿಗಳು ಸಂದಿನಿಂದ ನುಸುಳಿ ಭದ್ರೆಯನ್ನು ಸೇರುವುವು.