ಕಲ್ಲು ತೆಗೆದಲ್ಲಿ ಬೆಳಕು

ಮುಂಬೈಯ ಜೋಗೇಶ್ವರಿ ಪೂರ್ವದಲ್ಲಿ, ಒತ್ತೊತ್ತಾದ ಮನೆಗಳ ನಡುವೆ ಮೆಟ್ಟಿಲ ಸಾಲೊಂದು ನೆಲದಡಿಗೆ ಇಳಿಯುತ್ತದೆ. ಕೆಳಗಿರುವುದು ಆರನೇ ಶತಮಾನದ ಶೈವ ಗುಹಾಲಯ. ಊರಿಗೆ ಹೆಸರು ಬಂದದ್ದು ಇಲ್ಲಿ ಪೂಜೆಗೊಳ್ಳುವ ದೇವಿಯಿಂದ. 578ರ ಶಾಸನವಿರುವ ನಮ್ಮ ಬಾದಾಮಿಯ ಮೂರನೇ ಗುಹೆಯೂ ಇದೇ ಶತಮಾನದ್ದು. ಆದರೆ ಬಾದಾಮಿಯ ಗುಹೆ ಎತ್ತರದಲ್ಲಿದ್ದು ಕೆಳಗಿನ ಕೆರೆಯನ್ನು ನೋಡುತ್ತದೆ. ಜೋಗೇಶ್ವರಿ ತಗ್ಗಿನಲ್ಲಿ ಅಡಗಿದೆ. ಬಾಗಿಲು, ಅಂಗಳಗಳನ್ನು ದಾಟಿ ಬರುವಷ್ಟರಲ್ಲಿ ಬೆಳಕು ಸೊರಗಿರುತ್ತದೆ. ಇಪ್ಪತ್ತು ಕಂಬಗಳ ದೊಡ್ಡ ಸಭಾಂಗಣದಲ್ಲಿ ಕಂಬದ ಒಂದು ಮಗ್ಗುಲು ಬೂದಿಯಂತೆ ಮಸುಕಾಗಿ ಕಾಣುತ್ತದೆ, ಇನ್ನೊಂದು ಕಾಣುವುದೇ ಇಲ್ಲ. ಸವೆದ ಬಂಡೆಯಲ್ಲಿ ಶಿಲ್ಪಗಳ ಮುಖಗಳು ಅಳಿಸಿಹೋಗಿವೆ. ಉಳಿದಿರುವುದು ಕಲ್ಲು, ಬೆಳಕು, ಅವೆರಡರ ನಡುವಿನ ತೆರವು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಕೆಲವು ಕಲಾವಿದರು ಹುಡುಕಿದ್ದೂ ಇಂಥ ಬೆಳಕು, ತೆರವುಗಳನ್ನೇ. ಇಟಲಿಯಲ್ಲಿ ಲೂಚಿಯೊ ಫೊಂತಾನಾ 1949ರಲ್ಲಿ ಕ್ಯಾನ್ವಾಸಿಗೆ ತೂತು ಕೊರೆದರು, 1958ರಲ್ಲಿ ಅದನ್ನು ಸೀಳತೊಡಗಿದರು. ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲಿ ಹೈಂಜ್ ಮಾಕ್ ಮತ್ತು ಒಟ್ಟೊ ಪೀನೆ 1957ರಲ್ಲಿ 'ಝೀರೊ' ಬಳಗ ಕಟ್ಟಿದರು. ಮುಂದೆ ಅದನ್ನು ಸೇರಿದ ಗ್ಯುಂಟರ್ ಯೂಕರ್ ಮೊಳೆ ಹೊಡೆದ ಹಲಗೆಗಳ ಮೇಲೆ ನೆರಳನ್ನು ಆಡಿಸಿದರು.

ಮುಂಬೈಯಲ್ಲಿ ಆ ಹಾದಿ ಹಿಡಿದವರು ವಿ.ಎಸ್. ಗಾಯತೊಂಡೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಗಿರಗಾಂವ್‌ನ ಚಾಳಿನಲ್ಲಿ ಬೆಳೆದು, ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ರೋಲರ್‌ನಿಂದ ಬಣ್ಣ ಬಳಿಯುತ್ತಿದ್ದರು, ಅಲಗಿನಿಂದ ಕೆರೆದು ತೆಗೆಯುತ್ತಿದ್ದರು, ಮತ್ತೆ ಬಳಿಯುತ್ತಿದ್ದರು. ಹಾಗೆ ತೆಗೆದಲ್ಲೆಲ್ಲ ಅಡಿಯ ಪದರ ಒಳಗಿನಿಂದ ಹೊಳೆಯುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳಷ್ಟೇ. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವರ ಸಮಗ್ರ ಪ್ರದರ್ಶನ ಏರ್ಪಡಿಸಿತು. ಅದನ್ನು ನೋಡಲು ಅವರಿರಲಿಲ್ಲ, 2001ರಲ್ಲೇ ತೀರಿಕೊಂಡಿದ್ದರು.

ಫೊಂತಾನಾರ ಸೀಳಿಗಿಂತ ಗಾಯತೊಂಡೆಯವರ ಕೆರೆತವೇ ನನಗೆ ದೊಡ್ಡದಾಗಿ ಕಾಣುತ್ತದೆ. ಸೀಳು ಕ್ಷಣದಲ್ಲಿ ಮುಗಿಯುತ್ತದೆ. ಕೆರೆತಕ್ಕೆ ತಾಳ್ಮೆ ಬೇಕು. ಗುಹೆ ಕೊರೆಯುವವರ ಕ್ರಮವೂ ಅದೇ: ಮೊದಲು ಚಾವಣಿ, ಆಮೇಲೆ ಕೆಳಕ್ಕಿಳಿಯುತ್ತ ಕಂಬ, ಕಡೆಗೆ ನೆಲ. ಕಂಬವನ್ನು ಯಾರೂ ತಂದು ನಿಲ್ಲಿಸಲಿಲ್ಲ. ಸುತ್ತಲಿನ ಕಲ್ಲನ್ನು ತೆಗೆದಾಗ ಅದು ಉಳಿಯಿತು. ಒಂದು ಏಟು ಹೆಚ್ಚಾದರೆ ಸರಿಪಡಿಸಲು ದಾರಿಯಿಲ್ಲ.

ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೂ ಗುಹೆಯ ನೆತ್ತಿಯವರೆಗೆ ಮನೆಗಳು ಏರಿವೆ, ಮೇಲಿನಿಂದ ನೀರು ಜಿನುಗುತ್ತದೆ. ಅಲ್ಲಿ ಬದುಕುವ ಜನರಿಗೆ ಬೇರೆಡೆ ಸರಿಯಾದ ಸೂರು ಕೊಟ್ಟೇ ಈ ಕಲ್ಲನ್ನು ಉಳಿಸಬೇಕು. ಮುಂಬೈಗೆ ಹೋಗುವ ಕನ್ನಡಿಗರು ಎಲಿಫೆಂಟಾ ಗುಹೆಗಳ ಜೊತೆಗೆ ಜೋಗೇಶ್ವರಿಗೂ ಒಂದು ಬೆಳಗನ್ನು ಮೀಸಲಿಡಲಿ.