ದವನದ ಬಂಧುಗಳು, ಬೈಲಕುಪ್ಪೆಯ ಮದ್ದು

ಬಿಳಿಕೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಮ್ಮನಿಗೆ ಮಂಡಿನೋವು. ಹೊಗೆಸೊಪ್ಪಿನ ಹೊಲದಲ್ಲಿ ಬಗ್ಗಿ ಬಗ್ಗಿ ಸವೆದ ಮಂಡಿ. ಬೈಲಕುಪ್ಪೆ ಟಿಬೆಟ್ ಕ್ಯಾಂಪಿನಲ್ಲಿ ಚೀನಾದ ಮದ್ದು ಕೊಡುತ್ತಾರೆ, ನಾಡಿ ಹಿಡಿದೇ ಎಲ್ಲ ಹೇಳುತ್ತಾರೆ, ಸೂಜಿ ಚುಚ್ಚಿ ನೋವು ತೆಗೆಯುತ್ತಾರೆ ಅಂತ ಊರಲ್ಲಿ ಮಾತು. ಕರೆದುಕೊಂಡು ಹೋಗಲೇ?’

ಹುಣಸೂರು, ಪಿರಿಯಾಪಟ್ಟಣದ ಕಡೆ ಈ ಪ್ರಶ್ನೆ ಕೇಳದ ಮನೆ ಕಡಿಮೆ. ಉತ್ತರ ಕೊಡುವ ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಬೇಕು. ಬೈಲಕುಪ್ಪೆಯಲ್ಲಿ ಸಿಗುವುದು ಚೀನಾದ ಮದ್ದಲ್ಲ. ಅದು ‘ಸೋವಾ ರಿಗ್ಪಾ’, ಟಿಬೆಟಿಯನ್ನರ ವೈದ್ಯ. ಊರು ಬಿಟ್ಟು ಬಂದ ಆ ಜನರಿಗೆ 1961ರ ಹೊತ್ತಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅದೇ ವರ್ಷ ಧರ್ಮಶಾಲಾದಲ್ಲಿ ಅವರ ವೈದ್ಯಶಾಲೆ ‘ಮೆನ್-ಸೀ-ಖಾಂಗ್’ ಮತ್ತೆ ತಲೆಯೆತ್ತಿತು. ಲಾಸಾದಲ್ಲಿ ಅದು ಮೊದಲು ಆರಂಭವಾದದ್ದು 1916ರಲ್ಲಿ. ಅದರ ಶಾಖಾ ಚಿಕಿತ್ಸಾಲಯಗಳು ನಮ್ಮ ರಾಜ್ಯದ ಟಿಬೆಟ್ ಕ್ಯಾಂಪುಗಳಿಗೂ ಬಂದವು. 2010ರಲ್ಲಿ ಭಾರತ ಸರ್ಕಾರ ಕಾನೂನು ತಿದ್ದಿ ಸೋವಾ ರಿಗ್ಪಾಕ್ಕೆ ಆಯುರ್ವೇದ, ಸಿದ್ಧ, ಯುನಾನಿಗಳ ಸಾಲಿನಲ್ಲಿ ಜಾಗ ಕೊಟ್ಟಿತು.

ಹಾಗೆಂದು ಊರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ವೈದ್ಯಕ್ಕೆ ಎರಡು ಕಡೆಯ ನೀರು ಹರಿದುಬಂದಿದೆ. ವಾಗ್ಭಟನ ‘ಅಷ್ಟಾಂಗಹೃದಯ’ 11ನೇ ಶತಮಾನದಲ್ಲೇ ಟಿಬೆಟಿಯನ್ ಭಾಷೆಗೆ ಬಂತು. ಮರುಶತಮಾನದಲ್ಲಿ ಯುಥೋಕ್ ಯೊಂತೆನ್ ಗೊಂಪೊ ಹೆಸರಿನಲ್ಲಿ ನೆಲೆಗೊಂಡ ಅವರ ಮೂಲಗ್ರಂಥ ‘ಗ್ಯುಶಿ’ಯಲ್ಲಿ ವಾತ, ಪಿತ್ತ, ಕಫಗಳು ಲುಂಗ್, ತ್ರೀಪಾ, ಬೇಕೆನ್ ಎಂಬ ಹೆಸರಲ್ಲಿ ಕೂತಿವೆ. ನಾಡಿ ನೋಡುವ ಕ್ರಮ ಮಾತ್ರ ಚೀನಾದ ಕಡೆಯಿಂದ ಬಂದದ್ದು. ನಾಡಿಪರೀಕ್ಷೆ ನಮ್ಮದೇ ಪುರಾತನ ವಿದ್ಯೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಚರಕ, ಸುಶ್ರುತರ ಸಂಹಿತೆಗಳಲ್ಲಿ ಅದು ಇಲ್ಲ. ಆಯುರ್ವೇದದಲ್ಲಿ ಅದು ವಿವರವಾಗಿ ಕಾಣಿಸಿಕೊಳ್ಳುವುದು ಶಾರ್ಙ್ಗಧರನ ಕಾಲಕ್ಕೆ, ಅಂದರೆ 13-14ನೇ ಶತಮಾನಕ್ಕೆ. ಚೀನಾದ ವಾಂಗ್ ಶುಹೆ ನಾಡಿಯ ಮೇಲೆ ಇಡೀ ಗ್ರಂಥ ಬರೆದದ್ದು 3ನೇ ಶತಮಾನದಲ್ಲಿ.

ಟಿಬೆಟಿಯನ್ ವೈದ್ಯರು ನಾಡಿ ಹಿಡಿಯುವುದನ್ನು ಹತ್ತಿರದಿಂದ ನೋಡಬೇಕು. ಗಂಡಸರಾದರೆ ಎಡಗೈ ಮೊದಲು, ಹೆಂಗಸರಾದರೆ ಬಲಗೈ. ಮಣಿಕಟ್ಟಿನ ಕೆಳಗೆ ಮೂರು ಬೆರಳು ಸಾಲಾಗಿ ಕೂರುತ್ತವೆ. ತೋರುಬೆರಳು ಚರ್ಮಕ್ಕೆ ತಾಗಿದಷ್ಟೇ, ನಡುಬೆರಳು ಮಾಂಸ ಮುಟ್ಟುವಷ್ಟು, ಉಂಗುರದ ಬೆರಳು ಮೂಳೆ ತಗುಲುವಷ್ಟು ಒತ್ತಬೇಕು. ಬೆಳಗಿನ ಮೂತ್ರವನ್ನೂ ಬಟ್ಟಲಿಗೆ ಸುರಿದು, ಕಡ್ಡಿಯಿಂದ ಕಡೆದು, ಬಣ್ಣ, ಆವಿ, ನೊರೆಯ ಗುಳ್ಳೆ ನೋಡುತ್ತಾರೆ. ಕೊಡುವ ಗುಳಿಗೆಗಳು ಕಂದುಬಣ್ಣದ ಗಟ್ಟಿ ಉಂಡೆಗಳು. ಅಗಿದೋ ಪುಡಿ ಮಾಡಿಯೋ ಬಿಸಿನೀರಿನ ಜೊತೆ ನುಂಗಬೇಕು. ಚೀನಾದ ಅಕ್ಯುಪಂಕ್ಚರ್ ಅಲ್ಲಿನ ಮುಖ್ಯ ಚಿಕಿತ್ಸೆಯಲ್ಲ. ಬೆಂಕಿಯ ಚಿಕಿತ್ಸೆ ಮಾತ್ರ ಇಬ್ಬರಲ್ಲೂ ಇದೆ. ಒಣಗಿಸಿದ ಎಲೆಯ ನವಿರನ್ನು ಉಂಡೆ ಕಟ್ಟಿ, ಮೈಯ ಗೊತ್ತಾದ ಜಾಗಗಳ ಮೇಲೆ ಅಥವಾ ಹತ್ತಿರ ಇಟ್ಟು, ಹೊಗೆಯಾಡಿಸಿ ಕಾವು ಕೊಡುತ್ತಾರೆ. ಜಗತ್ತು ಇದನ್ನು ‘ಮಾಕ್ಸಾ’ ಎಂದು ಕರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ, ಮಕ್ಕಳ ಹೊಟ್ಟೆನೋವಿಗೆ ಹಾಕುವ ಬರೆಯನ್ನು ಇದರ ಜೊತೆ ಸೇರಿಸಬೇಡಿ. ಅದು ಸುಟ್ಟಗಾಯ. ಎಳೆಮಗುವಿಗೆ ಬರೆ ಹಾಕಿದರೆ ಗಾಯ ಕೀವುಗಟ್ಟಿ ನಂಜೇರಬಹುದು; ಅದನ್ನು ಯಾವ ವೈದ್ಯಪದ್ಧತಿಯ ಹೆಸರಲ್ಲೂ ಒಪ್ಪಲಾಗದು.

ಟಿಬೆಟಿಯನ್ನರು ಈ ಕಾವಿಗೆ ಎತ್ತರದ ಪರ್ವತಗಳ ಎಡೆಲ್‌ವೈಸ್ ಗಿಡದ ನವಿರನ್ನು ಬಳಸುತ್ತಾರೆ. ಚೀನಾದವರು ಬಳಸುವ ಗಿಡ ನಮಗೆ ಹತ್ತಿರದ್ದು. ಅದು ಆರ್ಟೆಮೀಸಿಯಾ ಕುಲಕ್ಕೆ ಸೇರಿದ್ದು. ಗಣೇಶನ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಒಂದಾದ ಮಾಚಿಪತ್ರೆಯೂ ಅದೇ ಕುಲ. ಹೂವಾಡಗಿತ್ತಿ ಮಲ್ಲಿಗೆಯ ನಡುವೆ ಸಿಕ್ಕಿಸಿ ಕಟ್ಟುವ ದವನವೂ ಅದೇ ಕುಲ. ಒಂದು ಎಳೆ ಕಿತ್ತು ಬೆರಳಲ್ಲಿ ಉಜ್ಜಿದರೆ ಮೂಗಿಗೆ ಹತ್ತುವ ಆ ಘಾಟು ತನ್ನನ್ನು ತಿನ್ನಲು ಬರುವ ಹುಳಗಳನ್ನು ದೂರವಿಡಲು ಗಿಡ ತಯಾರಿಸಿಕೊಂಡ ರಸಾಯನ.

ಈ ಕುಲದ ಇನ್ನೊಂದು ಸದಸ್ಯೆಯ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚೀನಾದ ವೈದ್ಯ ಜಗತ್ತಿಗೆ ಕೊಟ್ಟ ಅತಿ ದೊಡ್ಡ ಮದ್ದು ಅದರಿಂದಲೇ ಬಂತು.

1967ರ ಮೇ 23. ವಿಯೆಟ್ನಾಂ ಯುದ್ಧದಲ್ಲಿ ಗುಂಡಿಗಿಂತ ಮಲೇರಿಯಾ ಹೆಚ್ಚು ಸೈನಿಕರನ್ನು ಮಲಗಿಸುತ್ತಿತ್ತು. ಕ್ಲೋರೋಕ್ವಿನ್‌ಗೆ ರೋಗಾಣು ಬಗ್ಗದಂತಾಗಿತ್ತು. ಚೀನಾ ಗುಟ್ಟಾಗಿ ಒಂದು ಸಂಶೋಧನೆ ಶುರುಮಾಡಿತು. ದಿನಾಂಕವೇ ಅದಕ್ಕೆ ಹೆಸರಾಯಿತು, ‘ಯೋಜನೆ 523’. ಎರಡು ವರ್ಷದ ನಂತರ ಬೀಜಿಂಗ್‌ನ ಔಷಧ ವಿಜ್ಞಾನಿ ತೂ ಯೋಯೋ ಇದಕ್ಕೆ ಸೇರಿದರು. ಹಳೆಯ ಗ್ರಂಥ ಜಾಲಾಡಿದರು, ಹಳ್ಳಿ ವೈದ್ಯರನ್ನು ಕೇಳಿದರು, 2,000 ಪಾಕಗಳನ್ನು ಕಲೆಹಾಕಿದರು. ಸುಮಾರು 200 ಗಿಡಗಳಿಂದ 380 ಸಾರ ತೆಗೆದು ಇಲಿಗಳ ಮೇಲೆ ನೋಡಿದರು. ಚಿಂಗ್‌ಹಾವೊ ಎಂಬ ಗಿಡ, ಅಂದರೆ ಆರ್ಟೆಮೀಸಿಯಾ ಆನ್ಯುವಾ, ಒಮ್ಮೆ ಭರವಸೆ ಕೊಟ್ಟಿತು. ಇನ್ನೊಮ್ಮೆ ಮಾಡಿದಾಗ ಫಲವಿಲ್ಲ.

ಗ್ರಂಥಕ್ಕೆ ಮರಳಿದರು. 4ನೇ ಶತಮಾನದ ಗೆ ಹಾಂಗ್ ಬರೆದ ತುರ್ತುಚಿಕಿತ್ಸೆಯ ಕೈಪಿಡಿಯಲ್ಲಿ ಚಳಿಜ್ವರಕ್ಕೆ ಇದೇ ಗಿಡ ಇತ್ತು: ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯುವುದು. ಕುದಿಸುವ ಮಾತೇ ಅಲ್ಲಿಲ್ಲ. ಚೀನಾದ ಮದ್ದೆಂದರೆ ಸಾಮಾನ್ಯವಾಗಿ ಕಷಾಯ. ಇದು ಮಾತ್ರ ಹಸಿರಸ. ಹಾಗಾದರೆ ಬೆಂಕಿಯೇ ಗುಣ ಕೆಡಿಸುತ್ತಿದೆಯೇ?

ಇದನ್ನು ಹುಣಸೂರಿನ ಹೊಗೆಸೊಪ್ಪು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾರನ್ನಿನಲ್ಲಿ ಎಲೆ ಹಳದಿಗೆ ತಿರುಗುವ ತನಕ ಮೆಲ್ಲನೆಯ ಶಾಖ, ಆಮೇಲೆ ಎಲೆ ಒಣಗಲು ಇನ್ನಷ್ಟು, ಕೊನೆಗೆ ದಂಟು ಒಣಗಲು ಮತ್ತಷ್ಟು. ಹಸಿ ಇರುವಾಗಲೇ ಬೆಂಕಿ ಜೋರು ಮಾಡಿದರೆ ಎಲೆ ಕಂದುಗಟ್ಟುತ್ತದೆ, ಹರಾಜಿನಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಎಲೆಯೊಳಗೆ ನಡೆಯಬೇಕಾದ ಬದಲಾವಣೆ ಪ್ರತಿಯೊಂದಕ್ಕೂ ತನ್ನದೇ ಶಾಖದ ಮಿತಿ ಇದೆ. ಆ ಮಿತಿ ದಾಟಿದ ಮೇಲೆ ಎಷ್ಟು ರಾತ್ರಿ ನಿದ್ದೆಗೆಟ್ಟು ಕಾದರೂ ಹೋದ ಬಣ್ಣ ಬಾರದು. ಚಿಂಗ್‌ಹಾವೊ ಎಲೆಗೂ ಅಂಥ ಮಿತಿ ಇತ್ತು. ತೂ ಯೋಯೋ ನೀರು ಬಿಟ್ಟು ಈಥರ್ ಬಳಸಿದರು. ಅದು 35 ಡಿಗ್ರಿಗೇ ಕುದಿಯುತ್ತದೆ. ದಂಟು ತೆಗೆದು ಎಲೆ ಮಾತ್ರ ತೆಗೆದುಕೊಂಡರು. ವಿಷವಿದ್ದ ಆಮ್ಲೀಯ ಭಾಗವನ್ನು ಬೇರ್ಪಡಿಸಿ ಎಸೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಯನ್ನು ಪೂರ್ತಿಯಾಗಿ ಅಳಿಸಿತು. ಮರುವರ್ಷ ರೋಗಿಗಳಿಗೆ ಕೊಡುವ ಮೊದಲು ತೂ ಮತ್ತು ಇಬ್ಬರು ಸಹೋದ್ಯೋಗಿಗಳು ತಾವೇ ಆ ಮದ್ದು ಕುಡಿದು ನೋಡಿದರು.

ಆ ಅಣುವೇ ಆರ್ಟೆಮಿಸಿನಿನ್. ಅದರ ಮೈಯಲ್ಲಿ ಎರಡು ಆಮ್ಲಜನಕ ಪರಮಾಣುಗಳ ಸೇತುವೆ ಇದೆ. ಮಲೇರಿಯಾ ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಕಬ್ಬಿಣದ ಹೀಮ್ ಬಿಡುಗಡೆ ಮಾಡುತ್ತದೆ. ಆ ಕಬ್ಬಿಣ ತಾಗಿದ ಕೂಡಲೇ ಸೇತುವೆ ಮುರಿದು, ಹುಟ್ಟಿದ ಉಗ್ರ ತುಣುಕುಗಳು ಪರಾವಲಂಬಿಯ ಪ್ರೋಟೀನುಗಳನ್ನು ಹಾಳುಗೆಡವುತ್ತವೆ. ತಾನು ತಿಂದ ಊಟವೇ ಅದನ್ನು ಕೊಲ್ಲುತ್ತದೆ. ಇಂದು ಫಾಲ್ಸಿಪಾರಂ ಮಲೇರಿಯಾಕ್ಕೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಮಾತ್ರೆಗಳಲ್ಲಿ ಇದರ ರೂಪವೇ ಇನ್ನೊಂದು ಔಷಧದ ಜೊತೆಗೂಡಿ ಇರುತ್ತದೆ. 2015ರಲ್ಲಿ ತೂ ಅವರಿಗೆ ನೊಬೆಲ್ ಬಂತು. ದವನ, ಮಾಚಿಪತ್ರೆ ಬಂಧುಗಳೇ ಆದರೂ ಈ ಅಣುವಿಗೆ ಬೆಳೆಸುವುದು ಆನ್ಯುವಾವನ್ನೇ; ಚಳಿಜ್ವರ ಬಂದರೆ ದವನದ ಕಷಾಯ ಕುಡಿಯುತ್ತ ಕೂರುವುದು ಜೀವಕ್ಕೆ ಅಪಾಯ.

ನೊಬೆಲ್ ಬಂದದ್ದೇ ತಡ, ಚೀನಾದ ವೈದ್ಯವಿಡೀ ಸಾಬೀತಾಯಿತು ಎಂದು ಕೆಲವರು ಹಬ್ಬ ಮಾಡಿದರು. ಈ ಹಾರಾಟ ನನಗೆ ಒಪ್ಪಿಗೆಯಿಲ್ಲ. ಸಾಬೀತಾದದ್ದು ಒಂದು ಗಿಡದ ಒಂದು ಅಣು, ಒಂದು ರೋಗಕ್ಕೆ. ಸಾವಿರಾರು ಪಾಕಗಳಲ್ಲಿ ಅದನ್ನು ಹೆಕ್ಕಿದ್ದು ಪರೀಕ್ಷೆ. ಉಳಿದವುಗಳನ್ನೂ ಹಾಗೆಯೇ ಒಂದೊಂದಾಗಿ ಕೇಳಬೇಕು. ಆ ಪ್ರಶ್ನೆ ಬೈಲಕುಪ್ಪೆಗೂ ಅನ್ವಯ, ನಮ್ಮ ಆಯುರ್ವೇದಕ್ಕೂ ಅನ್ವಯ.

ಕೇಳಿದಾಗ ಕೆಲವೊಮ್ಮೆ ಬೆರಗಿನ ಉತ್ತರ ಬರುತ್ತದೆ. ಗರ್ಭದಲ್ಲಿ ಮಗು ತಲೆ ಮೇಲಾಗಿ ಕೂತಿದ್ದರೆ ತಾಯಿಯ ಕಾಲಿನ ಕಿರುಬೆರಳ ಬಳಿ ಮಾಕ್ಸಾ ಕಾವು ಕೊಡುವುದು ಚೀನಾದ ಹಳೆಯ ಪದ್ಧತಿ. ಕಾಲ್ಬೆರಳಿಗೂ ಗರ್ಭಕ್ಕೂ ಏನು ನಂಟು ಎಂದು ನಗಬಹುದು. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 260 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಕಾವು ಪಡೆದ 130 ಮಂದಿಯಲ್ಲಿ 98 ಶಿಶುಗಳು ತಲೆ ಕೆಳಗಾಗಿ ಹುಟ್ಟಿದವು. ಇನ್ನೊಂದು ಗುಂಪಿನಲ್ಲಿ 81. ಮುಂದೆ ಇಟಲಿಯಲ್ಲಿ ಅದೇ ಪ್ರಯೋಗ ನಡುವೆಯೇ ನಿಂತಿತು, ಫಲವೂ ಕಾಣಲಿಲ್ಲ. ಎಲ್ಲವನ್ನೂ ಸೇರಿಸಿ ತೂಗಿದ 2023ರ ಕಾಕ್ರೇನ್ ವಿಮರ್ಶೆ, ಮಾಮೂಲು ಆರೈಕೆಯ ಜೊತೆ ಮಾಕ್ಸಾ ಕೊಟ್ಟರೆ ಬಹುಶಃ ಉಪಯೋಗವಿದೆ ಎಂದಿತು.

ಸೂಜಿಯ ವಿಷಯ ಬೇರೆ. ಜರ್ಮನಿಯಲ್ಲಿ 1,162 ಮಂದಿ ಸೊಂಟನೋವಿನವರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಗ್ರಂಥ ಹೇಳಿದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ 47.6 ಶೇಕಡಾ ಜನಕ್ಕೆ ಗುಣ ಕಂಡಿತು. ಬೇರೆಲ್ಲೋ, ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ, ವ್ಯಾಯಾಮದ ಮಾಮೂಲು ಚಿಕಿತ್ಸೆಯವರಲ್ಲಿ 27.4. ಅಂದರೆ ಸೂಜಿ ಚುಚ್ಚುವುದರಿಂದ, ಅಥವಾ ಅದರ ಸುತ್ತಲಿನ ಆರೈಕೆ, ಸಮಯ, ನಂಬಿಕೆಗಳಿಂದ ನೋವು ಇಳಿಯುತ್ತದೆ. ಯಾವ ಜಾಗಕ್ಕೆ ಚುಚ್ಚಬೇಕೆಂಬ ಆ ಸೊಗಸಾದ ನಕ್ಷೆಗೆ ಮಾತ್ರ ಹೆಚ್ಚಿನ ಬೆಂಬಲ ಸಿಗಲಿಲ್ಲ. ಸುಮಾರು 18,000 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ಮಂಡಿನೋವೂ ಸೇರಿತ್ತು. ಅಲ್ಲಿಯೂ ಇದೇ ಚಿತ್ರ: ಸುಳ್ಳುಸೂಜಿಗಿಂತ ನಿಜಸೂಜಿ ಸ್ವಲ್ಪ ಮೇಲು, ಸೂಜಿಯೇ ಇಲ್ಲದ್ದಕ್ಕಿಂತ ಸಾಕಷ್ಟು ಮೇಲು.

ಆದ್ದರಿಂದ ಬಿಳಿಕೆರೆಯವರಿಗೆ ನನ್ನ ಉತ್ತರ ಹೀಗೆ. ಅಮ್ಮನಿಗೆ ಸೂಜಿ ಚುಚ್ಚಿಸಬೇಕೆನಿಸಿದರೆ, ಅಕ್ಯುಪಂಕ್ಚರ್ ಕಲಿತ ಪ್ರಕೃತಿ ಚಿಕಿತ್ಸಾ ವೈದ್ಯರು ಮೈಸೂರಿನಲ್ಲೇ ಇದ್ದಾರೆ. ಒಬ್ಬರಿಗೆ ಬಳಸಿ ಎಸೆಯುವ ಸೂಜಿಯೇ ಎಂದು ಕೇಳಿ ತಿಳಿದುಕೊಳ್ಳಿ. ನೋವು ಇಳಿದರೆ ಒಳ್ಳೆಯದೇ. ಆದರೆ ಸವೆದ ಮಂಡಿಗೆ ಅತಿ ಗಟ್ಟಿ ಆಧಾರವಿರುವ ಚಿಕಿತ್ಸೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು. ಬೈಲಕುಪ್ಪೆಗೆ ಹೋದರೂ ಇದನ್ನು ಬಿಡಬೇಡಿ. ಅಲ್ಲಿ ಕೊಟ್ಟ ಗುಳಿಗೆಯ ಚೀಟಿಯನ್ನು ನಿಮ್ಮ ಬಿಪಿ, ಸಕ್ಕರೆ ನೋಡುವ ಡಾಕ್ಟರಿಗೂ ತೋರಿಸಿ. ‘ರಿಂಚೆನ್ ರಿಲ್ಬು’ ಎಂಬ ಅಮೂಲ್ಯ ಗುಳಿಗೆಗಳಲ್ಲಿ ಕೆಲವಕ್ಕೆ ನಮ್ಮ ರಸೌಷಧಗಳಂತೆ ಸಂಸ್ಕರಿಸಿದ ಪಾದರಸ ಸೇರಿರುತ್ತದೆ. ಮೂತ್ರಪಿಂಡ ಸೋತವರು, ಗರ್ಭಿಣಿಯರು ಅವುಗಳಿಂದ ದೂರವಿರಬೇಕು.

ಗಿಡಮದ್ದಿನಿಂದ ಏನೂ ತೊಂದರೆಯಿಲ್ಲ ಎನ್ನುವವರಿಗೆ ಬ್ರಸೆಲ್ಸ್‌ನ ಪ್ರಕರಣ ಹೇಳಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಕ್ಲಿನಿಕ್ಕೊಂದು ಮಹಿಳೆಯರಿಗೆ ಚೀನಾದ ಗಿಡಮೂಲಿಕೆ ಕೊಟ್ಟಿತು. ಫಾಂಗ್‌ಜಿ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಬೇರುಗಳು ಮಾರುಕಟ್ಟೆಯಲ್ಲಿದ್ದವು. ಸ್ಟೆಫಾನಿಯಾ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಬಿಟ್ಟಿತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ಮುಂಜಾಗ್ರತೆಗಾಗಿ ಮೂತ್ರಪಿಂಡ, ಮೂತ್ರನಾಳ ತೆಗೆಸಿಕೊಂಡ 39 ಜನರಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಆಗಿತ್ತು. ಅರಿಸ್ಟೊಲೋಕಿಕ್ ಆಮ್ಲ ಕೋಶಗಳ ಡಿಎನ್‌ಎಗೇ ಅಂಟಿಕೊಂಡು, ವರ್ಷಗಟ್ಟಲೆ ಅಳಿಯದ ಗುರುತು ಬಿಡುತ್ತದೆ. ಈ ಆಮ್ಲವಿರುವ ಗಿಡಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಹೊಗೆ ಇರುವ ವರ್ಗದಲ್ಲೇ, ಖಚಿತ ಕ್ಯಾನ್ಸರ್‌ಕಾರಕ ಎಂದು ಇಟ್ಟಿದೆ.

ಅದೇ ಕುಲದ ಗಿಡ ನಮ್ಮ ಬೇಲಿಗಳಲ್ಲೂ ಹಬ್ಬಿದೆ: ಈಶ್ವರಿ ಬಳ್ಳಿ, ಅರಿಸ್ಟೊಲೋಕಿಯಾ ಇಂಡಿಕಾ. ಹಾವು ಕಚ್ಚಿದರೆ, ಚೇಳು ಕುಟುಕಿದರೆ ಇದರ ಬೇರು ಅರೆದು ಕುಡಿಸುವ ರೂಢಿ ಈಗಲೂ ಇದೆ. ಹಾವಿನ ವಿಷಕ್ಕೆ ಪ್ರತಿವಿಷ ಇರುವುದು ಆಸ್ಪತ್ರೆಯಲ್ಲಿ. ಈ ಬಳ್ಳಿಯ ಪುಡಿಯನ್ನೋ ಕಷಾಯವನ್ನೋ ಮನೆಯಲ್ಲಿ ಯಾರಾದರೂ ವಾಡಿಕೆಯಾಗಿ ತೆಗೆದುಕೊಳ್ಳುತ್ತಿದ್ದರೆ ಇಂದೇ ನಿಲ್ಲಿಸಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಏನು ಎಷ್ಟು ದಿನ ಕುಡಿದರೆಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.