ತಾರಸಿಯ ನೀರಿಗೆ ಇಪ್ಪತ್ತು ಅಡಿಯ ದಾರಿ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಮಳೆ ಬಂದರೂ ಗುಣಾಕಾರಕ್ಕೆ ಕೂರುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿಯೆಂದರೆ ಸುಮಾರು 93 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಆಸುಪಾಸು. ಆವಿಯಾದದ್ದು, ಚೆಲ್ಲಿದ್ದು ಕಳೆದರೂ ಒಂದು ಮನೆಯ ಮೇಲಿಂದ 70 ಸಾವಿರ ಲೀಟರ್ ಇಳಿಯುತ್ತದೆ. ಅದನ್ನು ಚರಂಡಿಗೆ ಬಿಟ್ಟು, ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿ ತರುತ್ತೇವೆ. ನನಗೆ ಇದು ಸಹಿಸಲಾಗದ ಲೆಕ್ಕ.

ಕಾನೂನೇನೋ ಇದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ಮಳೆಕೊಯ್ಲು ಕಡ್ಡಾಯವಾಯಿತು. ಆದರೆ ಎಷ್ಟೋ ಮನೆಗಳಲ್ಲಿ ಪೈಪು ಕೂರಿಸಿದ್ದು ತಪಾಸಣೆಗೆ ಬರುವವರ ಕಣ್ಣಿಗಾಗಿ. ಒಳಗಿನ ಜಾಲರಿ ತೊಳೆದವರಿಲ್ಲ.

ಸಂಪು ತುಂಬಿದ ಮೇಲೆ ಉಕ್ಕುವ ನೀರಿಗೆ ಇಂಗುಬಾವಿ ಬೇಕು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ ಸಾಕು. ಅದರಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. 25 ಮಿಲಿಮೀಟರಿನ ಜೋರು ಮಳೆಗೆ ನಮ್ಮ ತಾರಸಿ ಕೊಡುವುದು 2,300 ಲೀಟರ್, ಅಂದರೆ ಬಾವಿಯ ಅರ್ಧಕ್ಕಿಂತ ತುಸು ಹೆಚ್ಚು. ಸಿಮೆಂಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಬೇಕು, ಸಂದುಗಳಿಗೆ ಗಾರೆ ಮೆತ್ತಬಾರದು, ತಳಕ್ಕೆ ಕಾಂಕ್ರೀಟು ಹಾಕಲೇಬಾರದು. ಮೇಲಿನ ಬಿಗಿ ಮಣ್ಣನ್ನು ದಾಟಿದ ನೀರು ಶಿಥಿಲ ಕಲ್ಲಿನ ಪದರಕ್ಕೆ, ಅಲ್ಲಿಂದ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಜಲ್ಲಿ ತುಂಬಿಸಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಜಲ್ಲಿ ಹಾಕಿದರೆ ನೀರಿಗೆ ಜಾಗ ಕಡಿಮೆ, ಹೂಳು ತೆಗೆಯುವುದೂ ಕಷ್ಟ. ಬಾವಿಯನ್ನು ಖಾಲಿ ಬಿಟ್ಟು ಭದ್ರವಾದ ಮುಚ್ಚಳ ಹಾಕಿ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಿ. ಸೋಸದ ನೀರನ್ನು ನೇರ ಕೊಳವೆಬಾವಿಗೆ ಇಳಿಸಬೇಡಿ; ಕೆಳಗಿನ ನೀರು ಒಮ್ಮೆ ಕೆಟ್ಟರೆ ತೊಳೆಯುವವರು ಯಾರು?

ಇಂಗಿಸಿದ್ದು ನನ್ನ ಬೋರಿಗೇ ಬರುತ್ತದೆಯೇ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಬರದೆಯೂ ಇರಬಹುದು, ಬಿರುಕು ಹೋದತ್ತ ನೀರು ಹೋಗುತ್ತದೆ. ನಾವು ಇಷ್ಟು ವರ್ಷ ಎತ್ತಿದ್ದೂ ನಮ್ಮ ಸೈಟಿನ ನೀರನ್ನಷ್ಟೇ ಅಲ್ಲವಲ್ಲ. ಅದಕ್ಕೇ ಬೀದಿಗೆ ಬೀದಿಯೇ ಸೇರಿ ತೋಡಿಸಬೇಕೆಂದು ನಾನು ಮನೆಮನೆಗೆ ಹೋಗಿ ಹೇಳುವುದು.

ಬಾವಿ ತೋಡುವುದಕ್ಕೆ ಮಣ್ಣುವಡ್ಡರನ್ನು ಕರೆಯಿರಿ. ತಲೆಮಾರುಗಳಿಂದ ಈ ಊರಿನ ಬಾವಿ ತೋಡಿದವರು ಅವರು. ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ನಿಲ್ಲಿಸಬೇಕೆಂದು ಹೇಳಬಲ್ಲರು. ಕಣ್ಣಾರೆ ನೋಡಿ ತೀರ್ಮಾನಿಸುವವರಿಗೆ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವಿದೆ. ಬಗೆಬಗೆಯ ಮಾದರಿಗಳನ್ನು ಅಲ್ಲಿ ಕಟ್ಟಿ ಇಟ್ಟಿದ್ದಾರೆ. ಮುಂಗಾರಿಗೆ ಮೊದಲೇ ಹೋಗಿ ನೋಡಿಬನ್ನಿ.